ಶನಿಲೋಕದ ಸರದಾರನ ಹೆಂಡತಿ

ಪಾಮನಕಲ್ಲೂರಿನ ಯಮನಮ್ಮನಿಗೆ ನಾಟಕದ ಹುಚ್ಚು ಎಂದೂ ಇರಲಿಲ್ಲ. ಅವಳ ಗಂಡ ಮೂವತ್ತು ವರ್ಷದಿಂದ ತಗಡಿನ ಅಂಗಿ ತೊಟ್ಟು ಆಕಾಶದಿಂದ ಇಳಿಯುತ್ತಿದ್ದ. ಜನ ಶಿಳ್ಳೆ ಹೊಡೆಯುತ್ತಿದ್ದರು. ಅವಳು ಮನೆಯಲ್ಲಿ ಆಡು ಕಟ್ಟಿ, ರೊಟ್ಟಿ ಬಡಿದು, ಅವನ ದಾರಿ ಕಾಯುತ್ತಿದ್ದಳು. ಅಂಥವಳು ಹೋದ ಬೇಸಿಗೆಯಲ್ಲಿ ನಾಟಕ ಹೇಗಿರಬೇಕೆಂದು ಹೇಳಲು ಲಿಂಗಸುಗೂರು, ಸಿಂಧನೂರು, ಮಸ್ಕಿ ಮೂರೂ ಕಡೆ ಬಸ್ಸು ಹತ್ತಿ ಇಳಿದಳು. ಅವಳ ಮೇಲೆ ರೇಗಿದವರಲ್ಲಿ ನಾನೂ ಒಬ್ಬ. ಅವಳು ಎಷ್ಟು ಹೆದರಿದ್ದಳೆಂದು ನನಗಾಗ ಗೊತ್ತಿರಲಿಲ್ಲ. ಆಮೇಲೆ ಅವಳೇ ಒಂದೊಂದಾಗಿ ಹೇಳಿದ್ದನ್ನು ಸೇರಿಸಿ ಬರೆಯುತ್ತಿದ್ದೇನೆ.

ನಾನು ಸಂಗನಬಸವ. ಮಸ್ಕಿಯ ಪೇಟೆಯಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಅದು ಹೊಟ್ಟೆಪಾಡು. ಮನಸ್ಸಿಟ್ಟು ಮಾಡುವ ಕೆಲಸ ಪ್ರಾಂಪ್ಟರನದು. ರಂಗದ ಪಕ್ಕದ ಪರದೆಯ ಮರೆಯಲ್ಲಿ ನಿಂತು, ಮಾತು ಮರೆತವನಿಗೆ ಮೆಲ್ಲಗೆ ಮಾತು ಎತ್ತಿಕೊಡುತ್ತೇನೆ. ಹೆಸರು ಕರಪತ್ರದಲ್ಲಿ ಬರುವುದಿಲ್ಲ, ಬೈಗುಳ ಮಾತ್ರ ಬರುತ್ತದೆ. ಇರಲಿ.

ನಾಟಕದ ಹೆಸರು ‘ಶನಿಲೋಕದ ಸರದಾರ’. ಬರೆದವರು ಪಾಮನಕಲ್ಲೂರಿನ ಬಸವಲಿಂಗ ಮಾಸ್ತರರು, ಈಗಿಲ್ಲ. ಆಗ ನಮ್ಮ ಕಡೆ ನಾಟಕವೆಂದರೆ ಕೆಟ್ಟ ಗೌಡ, ಒಳ್ಳೆಯ ತಮ್ಮ, ಗಂಜಿಗೆ ಗತಿಯಿಲ್ಲದ ತಂಗಿ, ಇಷ್ಟೇ. ಮಾಸ್ತರರು ಅವರ ನಡುವೆ ಶನಿಗ್ರಹದಿಂದ ಒಬ್ಬ ಅರ್ಧ ಮನುಷ್ಯ, ಅರ್ಧ ಯಂತ್ರದವನನ್ನು ಇಳಿಸಿದರು. ಶನಿಯನ್ನು ಊರೊಳಗೆ ಕರೆತರುವುದೇನು ಎಂದು ಹಿರಿಯರು ತಕರಾರು ತೆಗೆದರು. ನಿಂಬೆಹಣ್ಣು ಕೊಯ್ದು ಪರದೆ ಎತ್ತಿದೆವು. ಬೇವಿನ ಮರಕ್ಕೆ ಬಾವಿಯ ನೀರು ಸೇದುವ ಗಡಗಡಿ ಕಟ್ಟಿದ್ದೆವು. ಎಣ್ಣೆ ಡಬ್ಬಿಯ ತಗಡು ಬಡಿದು ಮಾಡಿದ ಅಂಗಿ ಮತ್ತು ತಲೆ, ಎದೆಯಲ್ಲಿ ಉರಿಯುವ ಕೆಂಪು ಬಲ್ಬು, ಬೆಳ್ಳಿ ಬಣ್ಣ ಬಳಿದ ಬರಿಗಾಲು. ಯಮನಮ್ಮನ ಗಂಡ ಪಂಪಣ್ಣ ಎದೆಗೆ ಬಿಗಿದ ಹಗ್ಗದಲ್ಲಿ ಜೋತು ಮೇಲಿನಿಂದ ಇಳಿದುಬಂದಾಗ ಮುಂದೆ ಕೂತ ಮುದುಕರು ಎದ್ದು ಕೈಮುಗಿದರು. ಅಂದಿನಿಂದ ಅವನು ಸುತ್ತಲ ಊರಿಗೆಲ್ಲ ಸರದಾರ. ನಾಟಕ ಆರು ಭಾಗ ಬೆಳೆಯಿತು. ಸರದಾರನ ಅಣ್ಣ ಬಂದ, ವೈರಿ ಬಂದ, ಶನಿಗೂ ಭೂಮಿಗೂ ಕಾಲುವೆ ನೀರಿಗಾಗಿ ಜಗಳವಾಯಿತು. ಏನೇ ಆಗಲಿ ಎರಡು ಕಾನೂನು ಮಾತ್ರ ಬದಲಾಗಲಿಲ್ಲ. ಸರದಾರ ಮೇಲಿನಿಂದಲೇ ಇಳಿಯಬೇಕು. ಅವನ ಮುಖ ಯಾರಿಗೂ ಕಾಣಬಾರದು.

ಇನ್ನೊಂದು ಪದ್ಧತಿ ನಾಟಕದವರದಲ್ಲ, ನೋಡುವವರದು. ಮೆಚ್ಚಿದ್ದನ್ನು ನಮ್ಮ ಜನ ಒಂದೇ ಸಲಕ್ಕೆ ಬಿಡುವುದಿಲ್ಲ. ‘ಒನ್ಸ್ ಮೋರ್’ ಎಂದು ಕೂಗಿದರೆ ಹಾಡಿದವನು ಮತ್ತೆ ಹಾಡಬೇಕು, ಸತ್ತವನು ಎದ್ದು ಮೈ ಕೊಡವಿಕೊಂಡು ಮತ್ತೆ ಸಾಯಬೇಕು. ಸರದಾರನನ್ನು ಮತ್ತೆ ಮೇಲಕ್ಕೆಳೆದು ಮತ್ತೆ ಇಳಿಸಬೇಕು. ಅದನ್ನು ಒಲ್ಲೆ ಎಂದ ನಟ ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

ಪಂಪಣ್ಣನ ದುಡಿಮೆ ಹಮಾಲಿ ಕೆಲಸ. ಹೋದ ಸಂಕ್ರಾಂತಿಯ ಹೊತ್ತಿಗೆ ಸಿಂಧನೂರಿನ ರೈಸ್ ಮಿಲ್ಲಿನಲ್ಲಿ ಭತ್ತದ ಚೀಲ ಹೊರುತ್ತಿದ್ದವನು ಎದೆ ಹಿಡಿದು ಕೂತುಬಿಟ್ಟ. ರಾಯಚೂರಿಗೆ ಒಯ್ದು ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿದರು. ಡಾಕ್ಟರು ಯಮನಮ್ಮನನ್ನು ಹೊರಗೆ ಕರೆದು, ಭಾರ ಹೊರಬಾರದು, ಸೆಕೆಯಲ್ಲಿ ದಣಿಯಬಾರದು, ಎದೆಗೆ ಬಿಗಿಯಾಗಿ ಏನೂ ಕಟ್ಟಬಾರದು, ಇನ್ನೊಮ್ಮೆ ಹೀಗಾದರೆ ಮಾತು ಕೊಡಲಾರೆ ಎಂದರು. ನೋವು ಬಂದರೆ ಕೂಡಲೇ ನಾಲಿಗೆಯ ಕೆಳಗಿಡಲು ಗುಳಿಗೆ ಕೊಟ್ಟರು. ಅವಳು ಅವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಊರಿಗೆ ಬರುವ ಬಸ್ಸಿನಲ್ಲಿ ಪಂಪಣ್ಣ ಅವಳ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡ.

“ಆಣಿ ಮಾಡು. ಈ ಮಾತು ಯಾರಿಗೂ ತಿಳೀಬಾರ್ದು.”

“ಯಾಕ್ರಿ? ಕಳ್ಳತನ ಮಾಡೀರೇನು?”

“ಎದಿ ಕೆಟ್ಟಾಂವಗ ಯಾರ್ ಸರದಾರ ಅಂತಾರ? ಪಾಪ ಅಂತಾರ. ನನಗ ಅದು ಬ್ಯಾಡ. ನೀ ಆಣಿ ಮುರದಿ ಅಂದ್ರ ನಾ ಸತ್ತಂಗ ಅಂತ ತಿಳಕೊ.”

ಅವಳು ಆಣೆ ಮಾಡಿದಳು. ಅವಳ ಮಟ್ಟಿಗೆ ಆಣೆಯೆಂದರೆ ಹುಡುಗಾಟವಲ್ಲ. ಬಾಯಿ ಬಿಟ್ಟರೆ ಆಣೆ ಅವನನ್ನು ಕೊಲ್ಲುತ್ತದೆ, ಬಿಡದಿದ್ದರೆ ಹಗ್ಗ ಕೊಲ್ಲುತ್ತದೆ. ಈ ಎರಡರ ನಡುವೆ ಅವಳಿಗೆ ಊಟ ಸೇರದಾಯಿತು. ತಗಡಿನ ತಲೆ ಹಾಕಿಕೊಂಡವನ ನಾಲಿಗೆಯ ಕೆಳಗೆ ಗುಳಿಗೆ ಇಡುವುದು ಹೇಗೆ ಎಂದು ರೊಟ್ಟಿ ಬಡಿಯುವಾಗಲೂ ಯೋಚಿಸುತ್ತಿದ್ದಳಂತೆ.

ಅಷ್ಟರಲ್ಲಿ ಏಳನೆಯ ಭಾಗದ ಸುದ್ದಿ ಹುಟ್ಟಿತು. ಬರೆದವನು ಕನಕರಾಜ. ಸಿಂಧನೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು, ಮಾಸ್ತರರ ಆರೂ ಭಾಗಗಳನ್ನು ಬಾಯಿಪಾಠ ಮಾಡಿದವನು. ಅವನ ಏಳನೆಯ ಭಾಗದಲ್ಲಿ ಸರದಾರ ಮುದುಕನಾಗಿ ಬರುತ್ತಾನೆ. ಯಂತ್ರದ ಅರ್ಧ ತುಕ್ಕು ಹಿಡಿದಿದೆ. ಮೇಲಿನಿಂದ ಇಳಿಯುವುದಿಲ್ಲ, ಒಂದು ಮನೆಯ ಬಾಗಿಲು ಬಡಿದು, ತಗಡಿಲ್ಲದೆ, ಬರೀ ಮುಖದಲ್ಲಿ ಒಳಗೆ ಬರುತ್ತಾನೆ. ಇದನ್ನು ಅವನು ‘ಸರದಾರ ಅಭಿಮಾನಿ ಬಳಗ’ದ ವಾಟ್ಸಾಪ್ ಗುಂಪಿನಲ್ಲಿ ಹಾಕಿದ. ನನ್ನ ಫೋನು ಅಂದಿನಿಂದ ಒಂದು ಗಳಿಗೆ ಸುಮ್ಮನಿರಲಿಲ್ಲ.

ಬಳಗ ಹಳೆಯ ಪಕ್ಷ, ಹೊಸ ಪಕ್ಷ ಎಂದು ಒಡೆಯಿತು. ಹಳೆಯ ಪಕ್ಷದ ಮುಖಂಡ ಆದಪ್ಪ. ಲಿಂಗಸುಗೂರಿನಲ್ಲಿ ಚಹಾ ಹೋಟೆಲ್ಲು. ಮೊದಲ ಭಾಗದಿಂದಲೂ ಹಗ್ಗ ಎಳೆಯುವವರು ಅವನೂ ಅವನ ಗೆಳೆಯರೂ. ಅವನಿಗೆ ಆ ಹಗ್ಗ ಮೈಮೇಲಿನ ಲಿಂಗದಷ್ಟೇ ಪವಿತ್ರ. ಯಮನಮ್ಮ ಮೊದಲು ಕನಕರಾಜನ ಅಂಗಡಿಗೆ ಹೋಗಿ, “ತಮ್ಮಾ, ನೀ ಬರದದ್ದು ಬದಲಿ ಮಾಡಬ್ಯಾಡ, ಹಿಂಗ ಇರ್ಲಿ” ಎಂದಳು. ಅವನಿಗೆ ಆನೆ ಏರಿದಷ್ಟು ಖುಷಿ. ಆಮೇಲೆ ಲಿಂಗಸುಗೂರಿಗೆ ಹೋಗಿ ಆದಪ್ಪನ ಮುಂದೆ ನಿಂತಳು. ಅವನು ಚಹಾ ಕೊಟ್ಟು, ನಕ್ಕು ಕಳಿಸಿದ.

ಜಗಳ ಮುಗಿಸೋಣವೆಂದು ಎಲ್ಲರೂ ಒಂದು ಭಾನುವಾರ ನನ್ನ ಅಂಗಡಿಯ ಮುಂದೆ ಸೇರಿದರು. ಮದುವೆಯ ದಿನಗಳು, ಗಿರಾಕಿಗಳು ಒಳಗೆ ಬರಲು ದಾರಿಯಿಲ್ಲ. ನನಗೆ ಮೈಯೆಲ್ಲ ಉರಿ.

“ಹೊಸಾದು ನೋಡಾಕ ಮೊಬೈಲ್ ಐತಿ,” ಎಂದ ಆದಪ್ಪ. “ಮೊದಲನೇ ಭಾಗ ಆಡಿದಾಗ ನನಗ ಮೀಸಿ ಚಿಗುರಾಕತ್ತಿದ್ವು. ಈಗ ಮೊಮ್ಮಗಳು ಕೇಳ್ತಾಳ, ಸರದಾರ ಮ್ಯಾಲಿಂದ ಹೆಂಗ ಇಳೀತಾನ ಅಂತ. ಆಕಿಗೆ ಏನ್ ತೋರಿಸ್ಲಿ, ಬಾಗಲಾ?”

“ಕಾಕಾ, ಮೊದಲನೇ ಭಾಗ ನಿಮಗ ಯಾಕ ಛಲೋ ಅನಿಸ್ತು?” ಎಂದ ಕನಕರಾಜ. “ಅಂಥಾದ್ದು ಅದಕ್ಕಿಂತ ಮೊದಲ ನೀವು ನೋಡಿರ್ಲಿಲ್ಲ, ಅದಕ್ಕ. ಅದನ್ನ ಮತ್ತ ಮತ್ತ ತೋರಿಸಿದ್ರ ಹಗ್ಗ ಕಾಣ್ತೈತಿ, ಗಡಗಡಿ ಕಾಣ್ತೈತಿ. ಸರದಾರ ಕಾಣಂಗಿಲ್ಲ. ಮಾಸ್ತರ್ ಇದ್ದಿದ್ರ ಅವ್ರೇ ಬದಲಿ ಮಾಡ್ತಿದ್ರು.”

“ಮಾಸ್ತರ್ ಇಲ್ಲ. ಅದಕ್ಕ ಅವ್ರು ಇಟ್ಟದ್ದು ಇಟ್ಟಂಗ ಇರಬೇಕು. ನೀ ಸ್ವಂತ ಬರಿಯಾಂವ ಇದ್ರ ನಿನ್ನ ಸರದಾರನ್ನ ನೀ ಹುಟ್ಸು. ನಮ್ಮಾಂವನ ಬಿಡು.”

ಇಬ್ಬರೂ ಹೇಳಿದ್ದು ನನಗೆ ಸರಿಯೇ ಎನಿಸಿತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಆಗ ಹೆಂಗಸರು ನಿಂತ ಮೂಲೆಯಿಂದ ಯಮನಮ್ಮ ಮುಂದೆ ಬಂದಳು. ಅವಳು ಅಷ್ಟು ಗಂಡಸರ ನಡುವೆ ಬಾಯಿ ತೆರೆದದ್ದನ್ನು ನಾನು ಕಂಡಿರಲಿಲ್ಲ.

“ಶನಿಲೋಕದಾಗ ಬಾಗಲ ಇರಂಗಿಲ್ಲೇನ್ರಿ? ಬಾಗಲಾಗಿಂದ ಬಂದ್ರ ಏನಾಕೈತಿ?”

“ಬಾಗಲಾಗಿಂದ ಬೀಗರು ಬರ್ತಾರ, ವೈನಿ,” ಎಂದ ಆದಪ್ಪ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಕೊನೆಗೆ ಎಲ್ಲರ ಕಣ್ಣು ಪಂಪಣ್ಣನ ಮೇಲೆ ಬಿತ್ತು. ಅವನು ನನ್ನ ಅಂಗಡಿಯ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ. ಬಾಗಿಲು ಎಂದು ಅವನೊಂದು ಮಾತು ಹೇಳಿದ್ದರೆ ಆದಪ್ಪ ಗೊಣಗುತ್ತ ಒಪ್ಪುತ್ತಿದ್ದ. ಯಮನಮ್ಮ ಅವನನ್ನೇ ನೋಡುತ್ತಿದ್ದಳು. ಅವನು ಅವಳ ಕಡೆ ನೋಡಲಿಲ್ಲ.

“ಮ್ಯಾಲಿಂದ ಬರ್ತೀನಿ,” ಎಂದ. “ಮಂದಿ ಹೆಂಗ ಕೇಳ್ತಾರ ಹಂಗ.”

ಅಂದು ಮನೆಯಲ್ಲಿ ಅವಳು ಅವನ ಕಾಲು ಹಿಡಿದಳು. ಅವನು ಗೋಡೆಗೆ ಒರಗಿ ಕೂತು, ತನಗೂ ಹೆದರಿಕೆಯಿದೆ ಎಂದ. “ಹಗ್ಗಕ್ಕ ಅಲ್ಲ. ನನ್ನ ಮುಖ ನೋಡು. ಚೀಲ ಹೊತ್ತು ಹೊತ್ತು ಕುತಿಗಿ ಸೊಟ್ಟಾಗೈತಿ, ಹಲ್ಲು ಬಿದ್ದಾವ. ಮೂವತ್ತು ವರ್ಷ ಆ ತಗಡಿನ ಒಳಗ ಸರದಾರನ ಮುಖ ಹೆಂಗ ಐತೋ ಅಂತ ಮಂದಿ ಕನಸು ಕಂಡಾರ. ಅದು ಈ ಹಮಾಲಿ ಮುಖ ಅಂತ ತೋರಿಸಿದ್ರ ನನ್ನ ಹತ್ರ ಏನ್ ಉಳೀತೈತಿ?” ಅವಳಿಗೆ ಆ ಮುಖ ಬಿಟ್ಟು ಬೇರೇನೂ ಬೇಕಾಗಿರಲಿಲ್ಲ, ಅದನ್ನು ಹೇಳಲು ಬರಲಿಲ್ಲ.

ಮಾರನೆಯ ದಿನ ಅವನು ಹೊರಗೆ ಹೋದಾಗ ಅವಳು ತಗಡಿನ ತಲೆಯನ್ನು ಗೋಣಿಚೀಲದಲ್ಲಿ ಸುತ್ತಿ ಮಸ್ಕಿಗೆ ತಂದು, ಗುಜರಿ ಸಾಮಾನು ಕೊಳ್ಳುವ ಖಾತೂನ್‌ಬೀಗೆ ಹಾಕಿ ಓಡಿಹೋದಳು. ತಲೆಯಿಲ್ಲದೆ ಸರದಾರ ಹೇಗೆ ಇಳಿದಾನು ಎಂಬುದು ಅವಳ ಲೆಕ್ಕ. ಆದರೆ ಖಾತೂನ್‌ಬೀ ಆರೂ ಭಾಗ ನೋಡಿದವಳು. ಸಂಜೆಯೊಳಗೆ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಶುಭ್ರ ಬಟ್ಟೆಯಲ್ಲಿ ಇಟ್ಟುಕೊಂಡು ಆಟೋ ಹಿಡಿದು ಪಾಮನಕಲ್ಲೂರಿಗೇ ಬಂದಳು. “ಸರದಾರನ ತಲಿ ನಾ ತಕ್ಕಡಿಗೆ ಹಾಕ್ಲೇನು? ತೌಬಾ ತೌಬಾ,” ಎಂದು ಪಂಪಣ್ಣನ ಕೈಗೇ ಕೊಟ್ಟಳು. ಪಂಪಣ್ಣ ಹೆಂಡತಿಯನ್ನು ಬೈಯಲಿಲ್ಲ. ತಲೆಯನ್ನು ಮಡಿಲಲ್ಲಿಟ್ಟುಕೊಂಡು ಅಂಗೈಯಿಂದ ಒರೆಸುತ್ತ ಕೂತ. ಜಗತ್ತೇ ಒಂದಾಗಿ ಗಂಡನನ್ನು ಮೇಲಕ್ಕೆ ಎಳೆಯುತ್ತಿದೆ ಎಂದು ಅವಳಿಗೆ ಅಂದು ಅನ್ನಿಸಿತಂತೆ.

ಬಾಗಿಲಿನ ಬದಲು ಹಗ್ಗವನ್ನೇ ಇಟ್ಟು ಏಳನೆಯ ಭಾಗ ಆಡಿದ್ದು ಸಿಂಧನೂರಿನಲ್ಲಿ, ತಗಡಿನ ಶೆಡ್ಡಿನ ಥಿಯೇಟರಿನಲ್ಲಿ. ಹೆಂಗಸರು ಮಕ್ಕಳು ಬರಲಿ ಎಂದು ಮಧ್ಯಾಹ್ನದ ಆಟ ಇಟ್ಟಿದ್ದೆವು. ವಳಕಮದಿನ್ನಿ, ಮುಕ್ಕುಂದದಿಂದೆಲ್ಲ ಟ್ರ್ಯಾಕ್ಟರಿನಲ್ಲಿ ಜನ ಬಂದರು. ಮೇಲಿನ ತಗಡು ಕಾದು ಒಳಗೆ ಉಸಿರಾಡುವುದೇ ಕಷ್ಟ. ಯಮನಮ್ಮ ಜೀವಮಾನದಲ್ಲಿ ಮೊದಲ ಸಲ ನಾಟಕಕ್ಕೆ ಬಂದಳು, ಬಂದವಳು ಕುರ್ಚಿಯಲ್ಲಿ ಕೂರದೆ ಪರದೆಯ ಮರೆಗೆ ನನ್ನ ಹತ್ತಿರ ಬಂದು ನಿಂತಳು. ಇಲ್ಲಿ ನಿಲ್ಲಬಾರದು ಎಂದೆ. ಕೇಳಲಿಲ್ಲ. ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಅವಳ ಹಲ್ಲು ಕಟಕಟ ಅನ್ನುವುದು ನನಗೆ ಕೇಳುತ್ತಿತ್ತು. ಅಂಥ ಸೆಕೆಯಲ್ಲಿ ಈಕೆಗೇನು ಚಳಿ ಎಂದುಕೊಂಡೆ.

ಹಾರ್ಮೋನಿಯಂ ಏರಿತು, ಜನರ ಕಡೆಯ ದೀಪ ಆರಿತು, ಮೇಲೆ ಕೆಂಪು ಬಲ್ಬು ಹೊತ್ತಿತು. ಸರದಾರ ಇಳಿದ. ಶೆಡ್ಡು ಹಾರಿಹೋಗುವಂತೆ ಜನ ಕೂಗಿದರು. ಹಿಂದೆ ಹಗ್ಗ ಹಿಡಿದ ಆದಪ್ಪನ ಕಣ್ಣಲ್ಲಿ ನೀರು. ಸುಳ್ಳೇಕೆ ಹೇಳಲಿ, ನನ್ನ ಮೈಯೂ ಜುಮ್ಮೆಂದಿತು. ಒನ್ಸ್ ಮೋರ್ ಬಂತು. ಎಳೆದರು, ಇಳಿಸಿದರು. ಮತ್ತೆ ಒನ್ಸ್ ಮೋರ್ ಬಂತು. ಪಂಪಣ್ಣ ಕೈ ಎತ್ತಿ ವಂದಿಸಿದ. ಮತ್ತೆ ಎಳೆದರು.

ಯಮನಮ್ಮ ಅವನ ಕಾಲುಗಳನ್ನು ನೋಡುತ್ತಿದ್ದಳು. ಮೈಯಲ್ಲಿ ತಗಡಿಲ್ಲದ ಜಾಗ ಅದೊಂದೇ. ರಾಯಚೂರಿನ ಹಾಸಿಗೆಯಲ್ಲಿ ನೋವು ಬಂದಾಗ ಅವನು ಹೆಬ್ಬೆರಳುಗಳನ್ನು ಒಳಕ್ಕೆ ಮಡಚಿಕೊಳ್ಳುತ್ತಿದ್ದ. ಈಗಲೂ ಮಡಚಿಕೊಂಡ.

“ಸಾವಕಾರ್ರೆ, ಇಳಸಾಕ ಹೇಳ್ರಿ,” ಎಂದಳು ನನಗೆ.

“ಸುಮ್ನ ನಿಲ್ಲು ಯಮನಮ್ಮ,” ಎಂದು ಗದರಿಸಿದೆ.

ಅವಳು ನಿಲ್ಲಲಿಲ್ಲ. ನನ್ನನ್ನು ತಳ್ಳಿಕೊಂಡು ರಂಗದ ನಡುವೆ ಹೋಗಿ, ದೀಪದ ಬೆಳಕಿಗೆ ಕಣ್ಣು ಕಿರಿದು ಮಾಡಿ, ಎರಡೂ ಕೈ ಎತ್ತಿದಳು.

“ನಮ್ಮ ಮನಿಯವ್ರನ್ನ ಇಳಸ್ರೀ. ಅವ್ರ ಎದಿಗೆ ಆಪರೇಷನ್ ಆಗೈತ್ರಿ. ಅವ್ರ ಜೀವ ಹೋಗ್ತೈತ್ರಿ.”

ಮೇಲೆ ತೂಗುಬಿಟ್ಟ ಮೈಕು ಅಷ್ಟನ್ನೂ ಹಿಡಿದು ಶೆಡ್ಡಿನ ತುಂಬ ಹರಡಿತು. ನಡುವಿನ ಸಾಲಿನಲ್ಲಿ ಒಬ್ಬ, “ಸರದಾರಗ ಹೇಂತಿ ಬಂದಾಳಲೇ, ಹೊಸಾದು ಬಂತು ನೋಡು” ಎಂದ. ಚಪ್ಪಾಳೆ ಶುರುವಾಯಿತು. ಹೊಸ ಪಕ್ಷದವರು ಎದ್ದು ನಿಂತು ಶಿಳ್ಳೆ ಹೊಡೆದರು. ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮೂರು ದಿಕ್ಕಿನಿಂದ ಒನ್ಸ್ ಮೋರ್ ಎಂಬ ಕೂಗು ಬಂತು. ಹಿಂದೆ ಆದಪ್ಪ, ಕನಕರಾಜ ತನಗೆ ಹೇಳದೆ ಈ ದೃಶ್ಯ ಸೇರಿಸಿದ್ದಾನೆಂದು ಸಿಟ್ಟಾಗಿ, ಹಗ್ಗವನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಕನಕರಾಜ, ಆದಪ್ಪ ಸೋತು ಇದನ್ನು ಒಪ್ಪಿಕೊಂಡನೇನೋ ಎಂದು ಬಾಯಿ ತೆರೆದು ನಿಂತ. ನಾನು ಕೈಯಲ್ಲಿದ್ದ ಪುಸ್ತಕದಲ್ಲಿ ಈ ಮಾತು ಎಲ್ಲಿದೆ ಎಂದು ಹಾಳೆ ತಿರುವುತ್ತಿದ್ದೆ.

ಯಮನಮ್ಮ ಮತ್ತೊಮ್ಮೆ ಅದನ್ನೇ ಹೇಳಿದಳು, ಅಳುತ್ತ ಹೇಳಿದಳು. ಚಪ್ಪಾಳೆ ಇನ್ನೂ ಜೋರಾಯಿತು. ಮೇಲೆ ಕಾಲುಗಳು ಜೋತುಬಿದ್ದವು. ಅವಳು ಒಮ್ಮೆ ಮೇಲೆ ನೋಡಿದಳು, ಒಮ್ಮೆ ಜನರನ್ನು ನೋಡಿದಳು.

“ಪಂಪಣ್ಣನ್ನ ಇಳಸ್ರಿ,” ಎಂದಳು. “ನನ್ನ ಗಂಡ ಪಂಪಣ್ಣ ಸಾಯಾಕತ್ತ್ಯಾನ. ಪಂಪಣ್ಣನ್ನ ಇಳಸ್ರಿ.”

ನಮ್ಮ ಕಡೆಯ ಹಳ್ಳಿಗಳಲ್ಲಿ ಅವಳ ವಯಸ್ಸಿನ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮದುವೆಯ ದಿನ ಒಡಪೆಂಬ ಪದ್ಯದಲ್ಲಿ ಒಮ್ಮೆ ಹೇಳಿದರೆ ಮುಗಿಯಿತು. ರೇಷನ್ ಅಂಗಡಿಯವನು ಕೇಳಿದರೂ ಪಕ್ಕದವಳ ಮುಖ ನೋಡುತ್ತಾಳೆ, ಆ ಪಕ್ಕದವಳು ಹೇಳುತ್ತಾಳೆ. ನಮ್ಮ ನಾಟಕದ ಹೆಂಡತಿಯರೂ ಪ್ರಾಣನಾಥ, ಪತಿದೇವ ಎಂದು ಸುತ್ತಿಬಳಸಿ ಕರೆಯುತ್ತಾರೆ, ಹೆಸರೆತ್ತುವುದಿಲ್ಲ. ಯಾವ ಕವಿಯೂ ಈ ಮಾತು ಬರೆಯಲಾರ. ಮುಂದಿನ ಸಾಲಿನ ಒಬ್ಬ ಮುದುಕಿ ಎದ್ದು ನಿಂತು, “ಹೆಸರು ಹೇಳಿದಳಲ್ಲವ್ವಾ, ಖರೇನ ಐತಿ” ಎಂದಳು. ಆ ಮಾತು ಸಾಲಿನಿಂದ ಸಾಲಿಗೆ ಹಿಂದಕ್ಕೆ ಹೋಯಿತು, ಚಪ್ಪಾಳೆ ಸಾಲುಸಾಲಾಗಿ ನಿಂತಿತು. ಆದಪ್ಪನ ಕೈ ಸಡಿಲಾಯಿತು.

ಇಳಿಸಿದರು. ತಗಡಿನ ತಲೆಯ ತಿರುಪು ಆದಪ್ಪನ ಕೈಗೆ ಬಿಚ್ಚಿ ಬರಲಿಲ್ಲ, ಯಮನಮ್ಮನೇ ಕಿತ್ತೆಳೆದಳು. ನರೆತ ಗಡ್ಡ, ಹಲ್ಲಿಲ್ಲದ ಬಾಯಿ, ನೀಲಿಗಟ್ಟಿದ ತುಟಿ. ಮೂರು ತಾಲ್ಲೂಕಿನ ಜನ ಆ ಮುಖ ನೋಡಿದರು. ಯಾರೂ ನಗಲಿಲ್ಲ. ತುಂಬ ಜನ ಮೊದಲ ಆಟದ ಮುದುಕರ ಹಾಗೆ ಎದ್ದು ಕೈಮುಗಿದು ನಿಂತಿದ್ದರು. ಅವಳು ಅದೊಂದನ್ನೂ ನೋಡದೆ ಗಂಟು ಬಿಚ್ಚಿ ಗುಳಿಗೆಯನ್ನು ನಾಲಿಗೆಯ ಕೆಳಗಿಟ್ಟಳು.

ಅವನು ಉಳಿದ. ಸಿಂಧನೂರಿನ ಆಸ್ಪತ್ರೆಯಲ್ಲಿ ಮರುದಿನ ಕಣ್ಣು ಬಿಡುತ್ತಿದ್ದಾನೆ ಎಂದಾಗ ಯಮನಮ್ಮನ ಜೊತೆ ನನ್ನನ್ನೂ ಒಳಗೆ ಬಿಟ್ಟರು. ಹೊರಗಿನ ವರಾಂಡದಲ್ಲಿ ಆದಪ್ಪ, ಕನಕರಾಜ ಮತ್ತು ಬಳಗದವರೆಲ್ಲ ಊಟ ನಿದ್ದೆ ಬಿಟ್ಟು ಕೂತಿದ್ದರು. ಇಡೀ ದಿನ ಅತ್ತಿದ್ದರು, ಹರಕೆ ಹೊತ್ತಿದ್ದರು. ಗಂಡಾಂತರ ಕಳೆಯಿತು ಎಂದು ಡಾಕ್ಟರು ಹೇಳಿ ಹೋದ ಮೇಲೆ ಮಾತು ಮೆಲ್ಲಗೆ ಹಳೆಯ ದಾರಿ ಹಿಡಿಯಿತು. ಆ ಮುಖ ಕಂಡಾಗ ಎದೆ ತುಂಬಿ ಬಂತು, ಎಂಟನೆಯ ಭಾಗ ಅಲ್ಲಿಂದಲೇ ಶುರುವಾಗಬೇಕು ಎಂದ ಕನಕರಾಜ. ಆಗಲಿ, ಹಗ್ಗಕ್ಕೆ ಬದಲು ಮೆತ್ತನೆಯ ಪಟ್ಟಿ ಹಾಕಿದರೆ ನಿಧಾನಕ್ಕೆ ಇಳಿಸಬಹುದು ಎಂದ ಆದಪ್ಪ. ಬಾಗಿಲ ಬಳಿ ಯಮನಮ್ಮ ಇಷ್ಟನ್ನೂ ಕೇಳಿಸಿಕೊಂಡು ಒಳಗೆ ಬಂದಿದ್ದಳು.

ಪಂಪಣ್ಣ ಕಣ್ಣು ಬಿಟ್ಟ. ಹೆಂಡತಿಯನ್ನು ನೋಡಿದ, ನನ್ನನ್ನು ನೋಡಿದ. ನೀರು ಬೇಡ ಎಂದು ಕೈಯಾಡಿಸಿದ.

“ಮಂದಿ ಏನಂದ್ರು?”

ಹಿಂದಿನ ದಿನ ಅಷ್ಟು ಜನರೆದುರು ನಿಂತಾಗಲೂ ಯಮನಮ್ಮ ಇಷ್ಟು ಹೆದರಿರಲಿಲ್ಲ. ಮಂಚದ ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಸಾಕು ಅಂದ್ರು,” ಎಂದಳು.

ಅವನು ನಂಬಲಿಲ್ಲ. ನಿಧಾನವಾಗಿ ತಲೆ ಹೊರಳಿಸಿ ನನ್ನ ಕಡೆ ನೋಡಿದ. ಮೂವತ್ತು ವರ್ಷ ಮಾತು ತಪ್ಪಿದಾಗಲೆಲ್ಲ ಅವನು ಹೀಗೇ ನನ್ನ ಕಡೆ ತಿರುಗಿದ್ದಾನೆ. ನಾನು ಕೊಟ್ಟ ಮಾತನ್ನು ಒಮ್ಮೆಯೂ ಸಂಶಯಿಸಿದವನಲ್ಲ.

“ಖರೇನಾ, ಸಾವಕಾರ್ರೆ?”

ಯಮನಮ್ಮ ನನ್ನನ್ನು ನೋಡಲಿಲ್ಲ. ಹೊರಗೆ ಆದಪ್ಪನ ದನಿ ಕೇಳುತ್ತಿತ್ತು. ನಾನು ಎದ್ದು ಬಾಗಿಲು ಹಾಕಿದೆ.

“ಖರೇನ, ಪಂಪಣ್ಣ,” ಎಂದೆ. “ಸಾಕು ಅಂದ್ರು.”

ಅವನು ಮೇಲಿನ ಫ್ಯಾನಿನ ಕಡೆ ಕಣ್ಣು ತಿರುಗಿಸಿದ.

“ಮುಖ ನೋಡಿದ್ರಲ್ಲ,” ಎಂದ. “ಅದಕ್ಕ.”

ಮುಖ ನೋಡಿಯೇ ಎದ್ದು ಕೈಮುಗಿದರು ಎಂಬ ಮಾತು ನನ್ನ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಯಮನಮ್ಮ ಅಲ್ಲ ಎನ್ನಲಿಲ್ಲ. ಸೆರಗಿನ ತುದಿ ನೀರಲ್ಲಿ ಅದ್ದಿ, ಕಿವಿಯ ಹಿಂದೆ ಇನ್ನೂ ಉಳಿದಿದ್ದ ತಗಡಿನ ಕಪ್ಪನ್ನು ಒರೆಸತೊಡಗಿದಳು.